ಕೋಡಿಂಗ್‌ಗೂ ಬೇಕು ಸರಳೆ ವರಸೆ

ಸಂಗೀತದ ಮೇಷ್ಟ್ರು ಮೊದಲ ದಿನವೇ ಕೃತಿ ಹೇಳಿಕೊಡುವುದಿಲ್ಲ. ಸರಳೆ, ಜಂಟಿ, ಅದನ್ನೇ ಮೂರು ಕಾಲದಲ್ಲಿ. ಪ್ರೋಗ್ರಾಮಿಂಗ್‌ನಲ್ಲಿ ಇಂಥ ಪಾಠಕ್ಕೆ 'ಕಾಟಾ' ಎಂಬ ಹೆಸರಿದೆ. ಡೇವ್ ಥಾಮಸ್ ಎಂಬ ಪ್ರೋಗ್ರಾಮರ್ ಕರಾಟೆಯಿಂದ ಎರವಲು ತಂದ ಮಾತು ಅದು. ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾಗಿ, ಖಾಲಿ ಪರದೆಯ ಮುಂದೆ ಕೈ ಕಟ್ಟಿಹೋಗುವವರಿಗೆ ಇದೇ ಮದ್ದು.

ಹಂತ 1: ಒಂದೇ ಒಂದು ಲೆಕ್ಕ ಹಿಡಿಯಿರಿ

ಪ್ರಾಜೆಕ್ಟ್ ಆಯ್ಲರ್ ಎಂಬ ತಾಣದ ಮೊದಲ ಲೆಕ್ಕ ಸಾಕು: 1000ಕ್ಕಿಂತ ಚಿಕ್ಕದಾದ, 3ರಿಂದಲೋ 5ರಿಂದಲೋ ಭಾಗವಾಗುವ ಸಂಖ್ಯೆಗಳ ಮೊತ್ತವೆಷ್ಟು? ಭಾಷೆ ಯಾವುದಾದರೂ ಆದೀತು. ಹೊಸಬರಿಗೆ ಪೈಥಾನ್ ಸುಲಭ.

ಹಂತ 2: ಕಂಪ್ಯೂಟರ್ ಮುಚ್ಚಿಡಿ

ಕಾಗದದ ಮೇಲೆ 1000ದ ಬದಲು 10 ಇಟ್ಟುಕೊಳ್ಳಿ. 3, 5, 6, 9, ಕೂಡಿದರೆ 23. ಈ 23 ಜೋಪಾನ. ನಿಮ್ಮ ಕೋಡ್ ಸುಳ್ಳು ಹೇಳಿದಾಗ ಸಾಕ್ಷಿ ಹೇಳುವುದು ಇದೇ.

ಹಂತ 3: ಬರೆಯಿರಿ, ತಪ್ಪಿ

1ರಿಂದ ಒಂದೊಂದೇ ಸಂಖ್ಯೆ ನೋಡುತ್ತ, ಭಾಗವಾದರೆ ಮೊತ್ತಕ್ಕೆ ಸೇರಿಸುವ ಲೂಪ್ ಬರೆಯಿರಿ. 10 ಕೊಟ್ಟು 23 ಬಂದಮೇಲಷ್ಟೇ 1000ಕ್ಕೆ ಹೋಗಿ. ಸರಿಯುತ್ತರ 233168.

ತಪ್ಪು ಉತ್ತರ ಬಂದರೆ ಅಳಿಸಬೇಡಿ, ಓದಿ. 234168 ಬಂತೇ? 1000ವನ್ನೂ ಸೇರಿಸಿಕೊಂಡಿದ್ದೀರಿ, 'ಕ್ಕಿಂತ ಚಿಕ್ಕದು' ಎಂಬುದನ್ನು ಕಣ್ಣು ಹಾರಿಸಿದೆ. 266333 ಬಂತೇ? 3ರ ಗುಣಕಗಳನ್ನೂ 5ರ ಗುಣಕಗಳನ್ನೂ ಬೇರೆ ಬೇರೆ ಕೂಡಿ ಒಟ್ಟು ಮಾಡಿದ್ದೀರಿ. 15, 30, 45 ಎರಡೆರಡು ಸಲ ಎಣಿಕೆಯಾಗಿವೆ. 10 ಕೊಟ್ಟಾಗ ಈ ತಪ್ಪು ಕಾಣುವುದೇ ಇಲ್ಲ, ಏಕೆಂದರೆ 15 ಅಲ್ಲಿಗೆ ಬರುವುದೇ ಇಲ್ಲ. ಹಾಗಾಗಿ 20ರಿಂದಲೂ ಒಮ್ಮೆ ಪರೀಕ್ಷಿಸಿ: 78 ಬರಬೇಕು. ಪರೀಕ್ಷೆಗೆ ಯಾವ ಸಂಖ್ಯೆ ಆರಿಸಬೇಕೆಂಬ ಈ ಚುರುಕು ಬರಲಿಕ್ಕೇ ಅಭ್ಯಾಸ ಮಾಡುವುದು, ಉತ್ತರಕ್ಕಲ್ಲ.

ಹಂತ 4: ಎರಡನೆಯ ಕಾಲ

ನಾಳೆ ಅದೇ ಲೆಕ್ಕ, ನಿನ್ನೆಯದನ್ನು ನೋಡದೆ. ಈ ಸಲ ಲೂಪ್ ಬೇಡ. 1ರಿಂದ n ತನಕದ ಮೊತ್ತಕ್ಕೆ ಶಾಲೆಯಲ್ಲಿ ಕಲಿತ ಸೂತ್ರವಿದೆಯಲ್ಲ, n ಅನ್ನು n+1ರಿಂದ ಗುಣಿಸಿ ಅರ್ಧ ಮಾಡುವುದು? ಅದರಿಂದ 3ರ ಗುಣಕಗಳ ಮೊತ್ತ 166833, 5ರದು 99500. ಎರಡನ್ನೂ ಕೂಡಿ, 15ರ ಗುಣಕಗಳ 33165 ಕಳೆಯಿರಿ. ನಿನ್ನೆಯ ತಪ್ಪೇ ಇವತ್ತಿನ ದಾರಿಯಾಯಿತು, ನೋಡಿ. 1000ದ ಜಾಗದಲ್ಲಿ ನೂರು ಕೋಟಿ ಇಟ್ಟು ಎರಡೂ ಕೋಡ್ ಓಡಿಸಿ: ಲೂಪ್ ಏದುಸಿರು ಬಿಡುತ್ತದೆ, ಸೂತ್ರ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಹಂತ 5: ಆಮೇಲಷ್ಟೇ ಬೇರೆಯವರದನ್ನು ಓದಿ

ಅರ್ಧ ಗಂಟೆ ಒದ್ದಾಡಿಯೂ ದಾರಿ ಸಿಗದಿದ್ದರೆ ಉತ್ತರ ನೋಡುವುದರಲ್ಲಿ ನಾಚಿಕೆಯಿಲ್ಲ. ನೋಡಿ, ಮುಚ್ಚಿ, ನೆನಪಿನಿಂದ ಬರೆಯಿರಿ. ನಕಲು ಮಾಡಿ ಅಂಟಿಸಿದ್ದು ಲೆಕ್ಕಕ್ಕಿಲ್ಲ; ಎಐ ಬರೆದುಕೊಟ್ಟದ್ದೂ ಅಷ್ಟೇ.

ಹಂತ 6: ಲೆಕ್ಕವನ್ನು ನಿಮ್ಮ ಮನೆಗೆ ತನ್ನಿ

ಪದವನ್ನು ತಿರುಗಿಸಿ ಬರೆಯುವುದು ಹಲವು ಅಭ್ಯಾಸ ತಾಣಗಳಲ್ಲಿ ಇರುವ ಹಳೆಯ ಪಾಠ. ಇಂಗ್ಲಿಷ್ ಪದ ಕೊಟ್ಟರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. 'ಮೈಸೂರು' ಕೊಟ್ಟು ನೋಡಿ. ನಮಗೆ ಕಾಣುವುದು ಮೂರು ಅಕ್ಷರ. ಪೈಥಾನ್ ಎಣಿಸುವುದು ಆರು, ಏಕೆಂದರೆ ಯೂನಿಕೋಡ್‌ನಲ್ಲಿ ಮ, ಸ, ರ ಬೇರೆ, ಅವುಗಳ ಸ್ವರಚಿಹ್ನೆಗಳು ಬೇರೆ. ತಿರುಗಿಸಿದರೆ ಕೊಂಬು ಅನಾಥವಾಗಿ ಮುಂದೆ ನಿಲ್ಲುತ್ತದೆ, ಅದರ ಹಿಂದೆ 'ರೂಸೈಮ' ಬರುತ್ತದೆ! 'ರುಸೂಮೈ' ಬರಬೇಕಾದರೆ ವ್ಯಂಜನವನ್ನೂ ಅದರ ಚಿಹ್ನೆಯನ್ನೂ ಮೊದಲು ಜೋಡಿ ಕಟ್ಟಬೇಕು. ಅದಾದಮೇಲೆ ಒತ್ತಕ್ಷರವಿರುವ 'ಚಿಕ್ಕಮಗಳೂರು' ಪ್ರಯತ್ನಿಸಿ. ಅಲ್ಲಿ ಕ, ಹಲಂತ ಚಿಹ್ನೆ (್), ಮತ್ತೊಂದು ಕ ಮೂರೂ ಸೇರಿ ಒಂದೇ ಅಕ್ಷರ. ನಿಮ್ಮ ಜೋಡಿ ಕಟ್ಟುವ ನಿಯಮ ಅಲ್ಲಿ ಮುರಿಯುತ್ತದೆ.