ಹಾಲಿನ ಫ್ಯಾಟು ಗೊತ್ತು, ರಕ್ತದ ಕೊಬ್ಬು?

ಯಾದಗಿರಿ, ಶಹಾಪುರ, ಸುರಪುರದ ಹಾಲು ಉತ್ಪಾದಕ ಬಂಧುಗಳೇ,

ಸಂಘದಲ್ಲಿ ದಿನವೂ ಹಾಲಿನ ಫ್ಯಾಟು ನೋಡುತ್ತೀರಿ. ನಿಮ್ಮ ರಕ್ತದ ಕೊಬ್ಬನ್ನು ಎಂದಾದರೂ ನೋಡಿಸಿದ್ದೀರಾ?

ಪಾಶ್ಚಾತ್ಯರಿಗಿಂತ ನಮ್ಮವರಿಗೆ ಹೃದಯಾಘಾತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ, ತೆಳ್ಳಗಿದ್ದವರನ್ನೂ ಬಿಡುವುದಿಲ್ಲ. ಆದ್ದರಿಂದ ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ನಮ್ಮ ಜನರಿಗಾಗಿಯೇ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೊರಡಿಸಿತು.

ಅದರಂತೆ ಮೊದಲ ಪರೀಕ್ಷೆ 18ನೇ ವಯಸ್ಸಿಗೆ. ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. 100 ಮಿ.ಲೀ. ರಕ್ತದಲ್ಲಿ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟ್ರಾಲ್ ಇಷ್ಟಕ್ಕಿಂತ ಕಡಿಮೆ ಇರಬೇಕು:

* ಸಾಮಾನ್ಯರಿಗೆ: 100 ಮಿ.ಗ್ರಾಂ.
* ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಿಗೆ: 70 ಮಿ.ಗ್ರಾಂ.
* ಹೃದಯಾಘಾತ ಆದವರಿಗೆ, ಲಕ್ವ ಹೊಡೆದವರಿಗೆ: 55 ಮಿ.ಗ್ರಾಂ.

ಒಬ್ಬರಿಗೆ ಸರಿಯಾದ ಅಂಕಿ ಇನ್ನೊಬ್ಬರಿಗೆ ಹೆಚ್ಚಾಗಬಹುದು. ವರದಿಯನ್ನು ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.