ಲೋರಿಕೀಟ್‌ಗೆ ಕಾಳು ಬೇಡ

ಪ್ರಶ್ನೆ: ಮನೆಗೆ ರೇನ್‌ಬೋ ಲೋರಿಕೀಟ್ ತಂದಿದ್ದೇವೆ. ನವಣೆ, ಸೂರ್ಯಕಾಂತಿ ಬೀಜ ಹಾಕಿದರೆ ಸಾಕೇ? ಜೇನುನೀರು ಕೊಡಬಹುದೇ?

ಉತ್ತರ: ಎರಡೂ ಬೇಡ. ಗಿಳಿಯ ಜಾತಿಯೇ ಆದರೂ ಇದು ಕಾಳು ತಿಂದು ಬದುಕುವ ಹಕ್ಕಿಯಲ್ಲ; ಆಸ್ಟ್ರೇಲಿಯಾದಲ್ಲಿ ನೀಲಗಿರಿಯಂಥ ಮರಗಳ ಹೂವಿನ ಮಕರಂದ, ಪರಾಗವೇ ಇದರ ಊಟ. ಹಣ್ಣು ನೆಕ್ಕುವಾಗ ನಾಲಿಗೆಯ ತುದಿ ಗಮನಿಸಿ, ಕುಂಚದಂತೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಗಟ್ಟಿ ಕಾಳು ಅರೆಯುವ ಬಲ ಅದರ ಹೊಟ್ಟೆಗಿಲ್ಲ. ಜೇನುನೀರಿನಲ್ಲಿ ಪ್ರೋಟೀನ್, ವಿಟಮಿನ್ ಸಾಲದು.

ಲೋರಿಗಳಿಗೆಂದೇ ತಯಾರಿಸಿದ ನೆಕ್ಟರ್ ಪುಡಿ ಮುಖ್ಯ ಆಹಾರವಾಗಲಿ. ಕಬ್ಬಿಣದ ಅಂಶ ಕಡಿಮೆಯಿರುವುದನ್ನೇ ಆರಿಸಿ. ಈ ಹಕ್ಕಿಗಳ ಯಕೃತ್ತಿನಲ್ಲಿ ಕಬ್ಬಿಣ ಶೇಖರವಾಗಿ ಪ್ರಾಣಕ್ಕೇ ಕುತ್ತು ಬರುವುದುಂಟು. ಕಲಸಿದ ನೆಕ್ಟರ್ ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ. ಎರಡು ಮೂರು ಗಂಟೆಯೊಳಗೆ ತೆಗೆದು, ಬಟ್ಟಲನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ. ಇದರಲ್ಲಿ ಮಾತ್ರ ಸೋಮಾರಿತನ ಸಲ್ಲದು. ಜೊತೆಗೆ ಪಪ್ಪಾಯಿ, ಬೀಜ ತೆಗೆದ ಸೇಬು, ಔಷಧಿ ಹೊಡೆಯದ ದಾಸವಾಳ ಕೊಡಿ. ಕುಡಿಯುವ ನೀರು ಬೇರೆಯೇ ಇರಲಿ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ ಇದಕ್ಕೆ ವಿಷ.

ಹಿಕ್ಕೆ ನೀರುನೀರಾಗಿರುವುದು ಸಹಜ, ಹೆದರಬೇಡಿ. ಆದರೆ ಗರಿ ಉಬ್ಬಿಸಿಕೊಂಡು, ತಿನ್ನದೆ ಕೂತರೆ ಅದೇ ದಿನ ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಕರೆದೊಯ್ಯಿರಿ.