ಎಂ.ಕಾಂ. ಓದಬೇಕೆ? ವರವು ಕಾವಲಿನ ಪದವೀಧರರಿಗೊಂದು ಕೈಪಿಡಿ

ಅರ್ಜಿ ತುಂಬುವ ಮುಂಚೆ ಒಂದು ಮಾತು ಮನೆಯಲ್ಲಿ ಕೂತು ಇತ್ಯರ್ಥ ಮಾಡಿಕೊಳ್ಳಿ: ಎಂ.ಕಾಂ. ನಿಮಗೆ ಯಾವುದಕ್ಕೆ ಬೇಕು? ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಸುತ್ತಲ ಹಟ್ಟಿಗಳಲ್ಲಿ ಬಿ.ಕಾಂ. ಮಾಡಿದವರು ಅನೇಕರು ಮನೆಯ ಮೊದಲ ಪದವೀಧರರು. ಅವರ ಎರಡು ವರ್ಷ ಸುಮ್ಮನೆ ಕಳೆಯಬಾರದು.

ಪದವಿ ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಎಂ.ಕಾಂ. ಬೇಕೇ ಬೇಕು. ಶೇ 55 ಅಂಕ, ಮೀಸಲು ವರ್ಗದವರಿಗೆ ಶೇ 50, ಜತೆಗೆ ಎನ್‌ಇಟಿ ಅಥವಾ ಕೆಸೆಟ್ ತೇರ್ಗಡೆ. ಕೆಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಪಿಯು ಉಪನ್ಯಾಸಕರಾಗಲು ಬಿ.ಇಡಿ. ಕೂಡ ಕೇಳುತ್ತಾರೆ. ಆದರೆ ಆಡಿಟ್ ವರದಿಗೆ ಸಹಿ ಹಾಕುವ ಕನಸಿದ್ದರೆ ದಾರಿಯೇ ಬೇರೆ. ಬಿ.ಕಾಂ.ನಲ್ಲಿ ಶೇ 55 ಇದ್ದವರು ಫೌಂಡೇಷನ್ ಬರೆಯದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಅದರ ಎರಡೂ ಗ್ರೂಪ್ ಮುಗಿಸಿದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್. ಸಿಎ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ, ಪಾಸಾಗುವುದೂ ಕಷ್ಟ. ಆದರೂ ಗುರಿ ಅದೇ ಆಗಿದ್ದರೆ ನಡುವೆ ಎಂ.ಕಾಂ.ಗೆ ಎರಡು ವರ್ಷ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸಿಎ ಅರ್ಹತೆಯನ್ನು ಸ್ನಾತಕೋತ್ತರ ಪದವಿಗೆ ಸಮ ಎಂದು ಯುಜಿಸಿ 2021ರಲ್ಲೇ ಒಪ್ಪಿದೆ.

ಎಂ.ಕಾಂ. ಎಂದೇ ತೀರ್ಮಾನವಾದರೆ, ಎಲ್ಲಿ? ಚಿತ್ರದುರ್ಗ ಜಿಲ್ಲೆ 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಮುಖ್ಯ ಆವರಣ ಶಿವಗಂಗೋತ್ರಿ ದಾವಣಗೆರೆ ಬಳಿ. ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿ ಚಿತ್ರದುರ್ಗ ಹತ್ತಿರದ ಜಿ.ಆರ್. ಹಳ್ಳಿಯಲ್ಲಿ. ಮೊಳಕಾಲ್ಮುರು, ರಾಂಪುರದ ಕಡೆಯವರಿಗೆ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿ.ವಿ. ಹತ್ತಿರ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಆದರೆ ತೊಡಕಿರುವುದು ಚಳ್ಳಕೆರೆಯಿಂದಾಚೆಗಲ್ಲ, ಹಟ್ಟಿಯಿಂದ ಚಳ್ಳಕೆರೆಯವರೆಗೆ. ಬೆಳಗಿನ ಮೊದಲ ಬಸ್ಸು, ಸಂಜೆಯ ಕೊನೆಯ ಬಸ್ಸು ತರಗತಿಗೆ ಹೊಂದದಿದ್ದರೆ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಪ್ರವೇಶದ ಅರ್ಜಿ ಬೇರೆ, ಹಾಸ್ಟೆಲ್ ಅರ್ಜಿ ಬೇರೆ.

ದಾಖಲೆಗಳನ್ನು ಫಲಿತಾಂಶಕ್ಕೆ ಕಾಯದೆ ಹೊಂದಿಸಿಕೊಳ್ಳಿ. ಜಾತಿ–ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆ ಇಲ್ಲದೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ತಿಪ್ಪೇಸ್ವಾಮಿ ಬಿ.’, ಆಧಾರ್‌ನಲ್ಲಿ ‘ಬಿ. ತಿಪ್ಪೇಸ್ವಾಮಿ’ ಎಂದಿದ್ದರೂ ಅರ್ಜಿ ಸಿಕ್ಕಿಕೊಳ್ಳಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ವಿಚಾರಿಸಿ.

ಕೆಲಸದಲ್ಲಿರುವವರಿಗೆ ದೂರಶಿಕ್ಷಣವಿದೆ: ಮೈಸೂರಿನ ಮುಕ್ತ ವಿ.ವಿ., ಇಗ್ನೊ. ಮುಕ್ತ ವಿ.ವಿ.ಗೆ ಕೆಲ ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ನಡುವೆ ಸೇರಿದವರು ಬಹಳ ಪರದಾಡಿದರು. ಹಾಗಾಗಿ ಯಾವುದೇ ದೂರಶಿಕ್ಷಣಕ್ಕೆ ಶುಲ್ಕ ಕಟ್ಟುವ ಮುಂಚೆ ಆ ವರ್ಷದ, ಆ ಕೋರ್ಸಿನ ಮಾನ್ಯತೆಯನ್ನು ಯುಜಿಸಿ ಪಟ್ಟಿಯಲ್ಲಿ ನೀವೇ ನೋಡಿ. ಯುಜಿಸಿಯ ದೂರಶಿಕ್ಷಣ ಬ್ಯೂರೊ ಕೊಡುವ ಡೆಬ್ ಐಡಿಯನ್ನೂ ಮಾಡಿಸಿಕೊಳ್ಳಬೇಕು.

ಇನ್ನು ಓದು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯ ಕಡೆ ಬೆಳೆದವರಿಗೆ ವೆಚ್ಚ ಲೆಕ್ಕಶಾಸ್ತ್ರ ಪರಕೀಯವಲ್ಲ. ಶೇಂಗಾ ಗಾಣಕ್ಕೆ ಹಾಕಿದರೆ ಎಣ್ಣೆಯೂ ಬರುತ್ತದೆ, ಹಿಂಡಿಯೂ ಬರುತ್ತದೆ. ಬೀಜಕ್ಕೂ ಕೂಲಿಗೂ ಸೇರಿ 1 ಲಕ್ಷ ರೂಪಾಯಿ ಖರ್ಚಾಯಿತು, ಎಣ್ಣೆ 1.20 ಲಕ್ಷಕ್ಕೂ ಹಿಂಡಿ 30 ಸಾವಿರಕ್ಕೂ ಹೋಯಿತು ಎನ್ನಿ. ಆ 1 ಲಕ್ಷದಲ್ಲಿ ಎಣ್ಣೆಯ ಪಾಲೆಷ್ಟು, ಹಿಂಡಿಯ ಪಾಲೆಷ್ಟು? ಮಾರಾಟ ಮೌಲ್ಯದ ಪ್ರಕಾರ ಹಂಚಿದರೆ 4:1. ಎಣ್ಣೆಗೆ 80 ಸಾವಿರ, ಹಿಂಡಿಗೆ 20 ಸಾವಿರ. ತೂಕದ ಪ್ರಕಾರ ಹಂಚಿದರೆ ಹಿಂಡಿಯ ಮೇಲೆ ಭಾರ ಬಿದ್ದು, ಲಾಭದ ಚಿತ್ರವೇ ಬದಲಾಗುತ್ತದೆ. ಜಂಟಿ ಉತ್ಪನ್ನಗಳ ಅಧ್ಯಾಯದ ತಿರುಳು ಇಷ್ಟೇ.

ಪ್ರಾಜೆಕ್ಟ್ ವರದಿಗೂ ಬೆಂಗಳೂರಿನ ಕಂಪನಿಯ ಅಂಕಿಅಂಶ ನಕಲು ಮಾಡಬೇಡಿ. ಮೊಳಕಾಲ್ಮುರು ರೇಷ್ಮೆ ಸೀರೆಯ ನೇಕಾರರ ಸಹಕಾರ ಸಂಘ, ಚಳ್ಳಕೆರೆಯ ಕಂಬಳಿ, ಎಣ್ಣೆ ಮಿಲ್ಲು ಇವೆಲ್ಲ ಕಣ್ಣೆದುರಿಗೇ ಇವೆ. ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು, ಯಾವ ಲೆಕ್ಕ ನೋಡುತ್ತೀರಿ, ಯಾವುದನ್ನು ಹೊರಗೆ ಹೇಳುವುದಿಲ್ಲ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಿ. ಹೊಸ ಶೇಂಗಾ ಮಾರುಕಟ್ಟೆಗೆ ಬರುವ ಸುಗ್ಗಿಯಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಮುಂಚೆಯೇ ಹೋಗಿ ಕೇಳಿ.